ಕಾಲೇಜಿನ ಮೊದಲ ವರ್ಷ: ಬರಹ, ಲೆಕ್ಕ, ಗಣಕ

(ಕೊಪ್ಪದಲ್ಲಿ ಕೂಡಿದ್ದ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತುಗಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಂದ ಬಂದಿದ್ದ ಮಿತ್ರರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)



ಕಾಲೇಜಿನ ಪಾಠದ ವಿಚಾರ ಮಾತನಾಡಲು ನಮ್ಮನ್ನು ಕರೆದಿದ್ದೀರಿ. ಇದರಲ್ಲಿ ಒಂದು ತಮಾಷೆಯೂ ಉಂಟು. ನಾವು ಎಸ್.ಎಸ್.ಎಲ್.ಸಿ. ದಾಟಿದವರೇ ಹೊರತು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕೆಲವು ವರ್ಷ ಹಳ್ಳಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿದೆವು. ಆಮೇಲೆ ಪಕ್ಷದ ಕೆಲಸಕ್ಕೆ ಬಂದೆವು. ಅಡುಗೆ ಮಾಡಲು ಬಾರದವನಿಗೂ ಸಾರಿಗೆ ಉಪ್ಪು ಕಡಿಮೆಯಾದದ್ದು ತಿಳಿಯುತ್ತದೆ. ಆ ಅಧಿಕಾರದಿಂದ ಮಾತ್ರ ನಾವು ಇಲ್ಲಿ ನಿಂತಿದ್ದೇವೆ. ತಪ್ಪು ಕಂಡರೆ ಇಲ್ಲಿ ಕುಳಿತಿರುವ ಉಪನ್ಯಾಸಕ ಮಿತ್ರರು ತಿದ್ದಬೇಕು.

ನಮ್ಮ ಮೂರು ತಾಲ್ಲೂಕುಗಳ ಸ್ಥಿತಿ ನಿಮಗೆ ಗೊತ್ತಿರುವುದೇ. ಕೊಪ್ಪದಲ್ಲಿ, ನರಸಿಂಹರಾಜಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಶೃಂಗೇರಿಯಲ್ಲಿ ಜಗದ್ಗುರು ಚಂದ್ರಶೇಖರ ಭಾರತಿ ಸ್ಮಾರಕ ಕಾಲೇಜಿದೆ. ಈ ಸೀಮೆಗೆಲ್ಲ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯವೇ ಆಸರೆ. ಅಜ್ಜನ ಕಾಲದಲ್ಲಿ ಬಿ.ಎ. ಓದಬೇಕೆಂದರೆ ಗಂಟು ಕಟ್ಟಿಕೊಂಡು ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಬೇಕಾಗಿತ್ತು. ಇಂದು ಕೂಲಿಯವರ ಮಗಳು ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆ ಮನೆಗೆ ಬಂದು ದನಕ್ಕೆ ಹುಲ್ಲು ಹಾಕಬಹುದು. ಇದು ದೊಡ್ಡ ಗಳಿಕೆ. ಇದನ್ನು ಹಗುರವಾಗಿ ಕಾಣಕೂಡದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಊಟ ಸಿಕ್ಕಿತೆಂದು ಅರ್ಥವಲ್ಲ. ಒಳಗೆ ಹೋದ ಮಕ್ಕಳಲ್ಲಿ ಮೊದಲ ವರ್ಷದಲ್ಲಿಯೇ ಸೋತು ಹಿಂದಿರುಗುವವರು ಇದ್ದಾರೆ. ಅವರನ್ನು ಕುರಿತೇ ಇಂದಿನ ಮಾತು.

ಒಂದು ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರು ಬೇಡ, ಕಾಲೇಜಿನ ಹೆಸರೂ ಬೇಡ. ನಮ್ಮಲ್ಲಿ ಆರನೆಯ ಏಳನೆಯ ತರಗತಿ ಓದಿದ ಹುಡುಗಿ. ತಂದೆ ಮಳೆಗಾಲದ ಮೊದಲು ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು, ಸುಗ್ಗಿಯಲ್ಲಿ ಕೊನೆ ತೆಗೆಯುವವನು. ತಾಯಿ ಕಾಫಿ ತೋಟದ ಕೂಲಿ. ಹುಡುಗಿ ಜಾಣೆ. ತರಗತಿಯಲ್ಲಿ ಪ್ರಬಂಧ ಬರೆಯಲು ಹೇಳಿದರೆ ಅವಳದೇ ಮೊದಲು. ಪಿ.ಯು.ಸಿ. ಪ್ರಥಮ ದರ್ಜೆಯಲ್ಲಿ ದಾಟಿದಳು. 2022ರಲ್ಲಿ ಬಿ.ಕಾಂ. ಸೇರಿದಳು. ಎರಡನೆಯ ಸೆಮಿಸ್ಟರಿನ ನಡುವೆ ಬಿಟ್ಟಳು.

ಬಿಟ್ಟ ಮೇಲೆ ಒಂದು ದಿನ ನಮ್ಮಲ್ಲಿಗೆ ಬಂದಳು. ಬರಬೇಕಾಗಿದ್ದ ವಿದ್ಯಾರ್ಥಿವೇತನ ಬಂದಿಲ್ಲ, ಅದಕ್ಕೊಂದು ಅರ್ಜಿ ಬರೆದುಕೊಡಿ ಎಂದಳು. "ನೀನೇ ಬರೆ, ನಾವು ತಿದ್ದುತ್ತೇವೆ" ಎಂದೆವು. ಕಾಗದ ಮುಂದಿಟ್ಟುಕೊಂಡು ಅರ್ಧ ಗಂಟೆ ಕುಳಿತಳು. "ಮಾನ್ಯರೇ" ಎಂದು ಬರೆದಳು. ಮುಂದೆ ಪೆನ್ನು ಓಡಲಿಲ್ಲ. ಕನ್ನಡದಲ್ಲಿಯೇ, ತನ್ನದೇ ಕಷ್ಟವನ್ನು, ಹತ್ತು ಸಾಲಿನಲ್ಲಿ ಬರೆಯಲು ಆ ಜಾಣ ಹುಡುಗಿಗೆ ಆಗಲಿಲ್ಲ.

ನಮಗೆ ಆಗ ಕಾಲೇಜಿನ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮೇಲೆಯೇ ನಾಚಿಕೆಯಾಯಿತು. ಅವಳಿಗೆ ಪ್ರಬಂಧ ಕಲಿಸಿದವರು ನಾವು. ಹೇಗೆ ಕಲಿಸಿದೆವು? "ಮಳೆಗಾಲ", "ನನ್ನ ಶಾಲೆ", "ಸ್ವಾತಂತ್ರ್ಯ ದಿನಾಚರಣೆ" ಎಂದು ಹಲಗೆಯ ಮೇಲೆ ಬರೆದೆವು, ಮಕ್ಕಳು ನಕಲು ಮಾಡಿಕೊಂಡರು, ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಒಪ್ಪಿಸಿದರು. ಕಿಟಕಿಯ ಹೊರಗೆ ಮಲೆನಾಡಿನ ಮಳೆ ಸುರಿಯುತ್ತಿರುವಾಗ ನಮ್ಮ ಹಲಗೆಯ ಮೇಲಿನ ಮಳೆಯನ್ನು ನಕಲು ಮಾಡಿಸಿದೆವು. ನೀನು ಕಂಡ ಮಳೆಯನ್ನು ಬರೆ ಎಂದು ಒಂದು ದಿನವೂ ಹೇಳಲಿಲ್ಲ. ಅವಳ ಜಾಣತನವೆಂದು ನಾವು ಹೊಗಳಿದ್ದು ಅವಳ ಜ್ಞಾಪಕಶಕ್ತಿಯನ್ನು ಮಾತ್ರ.

ಅದೇ ದಿನ ಇನ್ನೊಂದು ವಿಷಯ ಹೊರಬಿತ್ತು. ಕಾಲೇಜಿನ ಖರ್ಚಿಗೆಂದು ಅವಳ ತಾಯಿ ಸಂಘದ ಮೂಲಕ 50,000 ರೂಪಾಯಿ ಸಾಲ ತೆಗೆದಿದ್ದಳು. ಹನ್ನೆರಡು ತಿಂಗಳ ಕಂತು. ಬಡ್ಡಿ ನೂರಕ್ಕೆ ಹನ್ನೆರಡು ಎಂದು ಹೇಳಿದ್ದರು. ಒಟ್ಟು ಬಡ್ಡಿ 6,000. ತಿಂಗಳಿಗೆ ಸುಮಾರು 4,667 ರೂಪಾಯಿ. ಸಾಲ ತೆಗೆಯುವ ಮೊದಲು ಆ ತಾಯಿ ನಮ್ಮನ್ನೇ ಕೇಳಿದ್ದಳು: "ಮೇಷ್ಟ್ರೇ, ಲೆಕ್ಕ ಸರಿ ಇದೆಯೇ?" ಐವತ್ತು ಸಾವಿರಕ್ಕೆ ಆರು ಸಾವಿರವೆಂದರೆ ನೂರಕ್ಕೆ ಹನ್ನೆರಡು ತಾನೆ; ಸರಿ ಇದೆ ಎಂದು ನಾವೂ ಹೇಳಿದ್ದೆವು.

ಸರಿ ಇರಲಿಲ್ಲ. ವರ್ಷವಿಡೀ 50,000 ಅವಳ ಕೈಯಲ್ಲಿ ಇರುವುದಿಲ್ಲ. ಮೊದಲ ತಿಂಗಳು ಐವತ್ತು ಸಾವಿರ ಇರುತ್ತದೆ. ತಿಂಗಳು ತಿಂಗಳೂ ಅಸಲು ತೀರುತ್ತ ಹೋಗಿ ಅರ್ಧ ವರ್ಷಕ್ಕೆ ಅರ್ಧವಾಗುತ್ತದೆ. ಕೊನೆಯ ತಿಂಗಳು ಒಂದು ಕಂತಿನಷ್ಟು ಮಾತ್ರ ಉಳಿಯುತ್ತದೆ. ಸರಾಸರಿ ತೆಗೆದರೆ ವರ್ಷದುದ್ದಕ್ಕೂ ಅವಳಲ್ಲಿದ್ದ ಸಾಲ ಸುಮಾರು 27,000. ಇಪ್ಪತ್ತೇಳು ಸಾವಿರಕ್ಕೆ ಆರು ಸಾವಿರ ಬಡ್ಡಿ ಎಂದರೆ ನೂರಕ್ಕೆ ಇಪ್ಪತ್ತೆರಡರ ಹತ್ತಿರ. ಹನ್ನೆರಡಲ್ಲ! ಇದನ್ನು ನಮಗೆ ತೋರಿಸಿಕೊಟ್ಟವರು ಒಬ್ಬ ಉಪನ್ಯಾಸಕ ಮಿತ್ರರು, ಚಹದ ಅಂಗಡಿಯಲ್ಲಿ, ಸಿಗರೇಟಿನ ಪೊಟ್ಟಣದ ಹಿಂಬದಿಯಲ್ಲಿ ಬರೆದು. ಬಿ.ಕಾಂ. ಓದುತ್ತಿದ್ದ ಮಗಳಿಗೂ ಅದು ಹೊಳೆದಿರಲಿಲ್ಲ. ಲೆಕ್ಕದ ಮೇಷ್ಟರಾಗಿದ್ದ ನಮಗೂ ಹೊಳೆದಿರಲಿಲ್ಲ. ಆ ಮನೆಯಲ್ಲಿ ಕಂತು ಕಟ್ಟಲಾಗದೆ ಮಗಳ ಬಸ್ಸಿನ ದುಡ್ಡಿಗೆ ಕತ್ತರಿ ಬಿತ್ತು. ಅವಳು ಕಾಲೇಜು ಬಿಟ್ಟದ್ದಕ್ಕೆ ಅದೂ ಒಂದು ಕಾರಣ.

ಮಿತ್ರರೇ, ಬರೆಯಲು ಬಾರದ್ದು, ಲೆಕ್ಕ ತಿಳಿಯದ್ದು ಪರೀಕ್ಷೆಯ ಅಂಕದ ಮಾತಲ್ಲ. ಅನ್ನದ ಮಾತು ಎಂಬುದು ಆ ದಿನ ನಮಗೆ ಮನದಟ್ಟಾಯಿತು.

ಸರ್ಕಾರ ಏನು ಮಾಡಿತೆಂದು ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯ 2021-22ರಿಂದಲೇ ಕಾಲೇಜುಗಳಲ್ಲಿ ಜಾರಿ ಮಾಡಿತು. ನಾಲ್ಕು ವರ್ಷದ ಪದವಿ ಬಂತು. ಮೊದಲ ಹಂತದಲ್ಲಿಯೇ "ಡಿಜಿಟಲ್ ಫ್ಲೂಯೆನ್ಸಿ" ಎಂಬ ಪಾಠ ಬಂತು. ಅದರಲ್ಲಿ ಕೃತಕ ಬುದ್ಧಿಮತ್ತೆ, ಕ್ಲೌಡ್, ಸೈಬರ್ ಭದ್ರತೆ ಮೊದಲಾದ ಅಧ್ಯಾಯಗಳು. 2023ರ ಅಕ್ಟೋಬರಿನಲ್ಲಿ ಬೇರೆ ಸರ್ಕಾರ ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ನೇಮಿಸಿತು. ಅದರ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. 2025ರ ಆಗಸ್ಟಿನಲ್ಲಿ ಆಯೋಗದ ಅಂತಿಮ ವರದಿಯೂ ಸರ್ಕಾರದ ಕೈ ಸೇರಿತು.

ಒಂದೇ ಮನೆಯ ಮೂವರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಹಿರಿಯವನು 2020ರಲ್ಲಿ, ನಡುವಿನವಳು 2022ರಲ್ಲಿ, ಕಿರಿಯವನು 2024ರಲ್ಲಿ ಕಾಲೇಜು ಸೇರಿದರೆ ಮೂವರಿಗೂ ಮೂರು ಬಗೆಯ ಮೊದಲ ವರ್ಷ. ಅಣ್ಣನ ಪುಸ್ತಕ ತಂಗಿಗೆ ಆಗದು, ಅಕ್ಕನ ಟಿಪ್ಪಣಿ ತಮ್ಮನಿಗೆ ಆಗದು. ಬಡವರ ಮನೆಯಲ್ಲಿ ಹಳೆಯ ಪುಸ್ತಕವೆಂಬುದು ಆಸ್ತಿ. ಆ ಆಸ್ತಿಯನ್ನು ಎರಡು ಸಲ ಕಳೆದರು. ನಾಲ್ಕು ವರ್ಷವೋ ಮೂರು ವರ್ಷವೋ ಎಂದು ಮೇಲಿನವರು ಜಗ್ಗಾಡಿದರು. ಆದರೆ ಮೊದಲ ವರ್ಷ ಮುಗಿಸಿದ ಹುಡುಗನಿಗೆ ಒಂದು ಅರ್ಜಿ ಬರೆಯಲು ಬರುತ್ತದೆಯೇ, ಒಂದು ಸಾಲದ ಲೆಕ್ಕ ತಿಳಿಯುತ್ತದೆಯೇ, ಕನ್ನಡದಲ್ಲಿ ಒಂದು ಪುಟ ಬೆರಳಚ್ಚು ಮಾಡಲು ಆಗುತ್ತದೆಯೇ ಎಂಬ ಮೂರು ಸಣ್ಣ ಪ್ರಶ್ನೆ ಕೇಳಿದವರು ಎಷ್ಟು ಮಂದಿ?

ಈಗ ಒಂದೊಂದನ್ನೇ ತೆಗೆದುಕೊಳ್ಳೋಣ.

ಮೊದಲು ಬರಹ. ನಮ್ಮ ಕಾಲೇಜುಗಳಲ್ಲಿ ಕನ್ನಡ ಪಾಠ ಇದೆ, ಇಂಗ್ಲಿಷ್ ಪಾಠ ಇದೆ. ಎರಡರಲ್ಲಿಯೂ ಕಥೆ, ಕವಿತೆ, ಪ್ರಬಂಧಗಳನ್ನು ಓದಿಸಿ ಅವುಗಳ ಮೇಲೆ ಪ್ರಶ್ನೆ ಕೇಳುತ್ತಾರೆ. ಸಾಹಿತ್ಯ ಬೇಡವೆಂದು ನಾವು ಹೇಳುವುದಿಲ್ಲ. ಕೂಲಿಯವನ ಮಗನಿಗೆ ಪಂಪ, ಕುಮಾರವ್ಯಾಸ ಬೇಡವೆನ್ನುವವರು ಅವನನ್ನು ಕೂಲಿಯಾಗಿಯೇ ಉಳಿಸಬಯಸುವವರು. ಆದರೆ ಓದುವ ಪಾಠವೇ ಬೇರೆ, ಬರೆಯುವ ಪಾಠವೇ ಬೇರೆ. ಈಜನ್ನು ದಡದಲ್ಲಿ ಕೂರಿಸಿ ಕಲಿಸಲಾಗದು.

ಅಮೆರಿಕದ ಹಾರ್ವರ್ಡ್ ಕಾಲೇಜು ಶ್ರೀಮಂತರ ಮಕ್ಕಳು ಓದುವ ಜಾಗ. ಅವರ ಮನೆಮಾತು ಇಂಗ್ಲಿಷೇ. ಆದರೂ ಆ ಮಕ್ಕಳಿಗೆ ಸ್ವಂತ ಭಾಷೆಯಲ್ಲಿ ಸರಿಯಾಗಿ ಬರೆಯಲು ಬರುವುದಿಲ್ಲವೆಂದು ಕಂಡು 1885ರಲ್ಲಿ ಮೊದಲ ವರ್ಷದವರಿಗೆ ಬರವಣಿಗೆಯ ಪಾಠವನ್ನು ಕಡ್ಡಾಯ ಮಾಡಿದರು. ಅಂಥ ಪಾಠ ಅಲ್ಲಿಯ ಕಾಲೇಜುಗಳಲ್ಲೆಲ್ಲ ಹರಡಿತು. ನಮ್ಮಲ್ಲಿ ತನ್ನ ಮಾತಿನಲ್ಲಿಯೇ ಬರೆಯಲು ಕಲಿಯದ ಮಗುವನ್ನು ಕರೆದು, ಪರರ ಮಾತಿನಲ್ಲಿ ನಾಲ್ಕು ಪುಟ ಬರೆ ಎನ್ನುತ್ತೇವೆ. ಅದು ಬಾಯಿಪಾಠ ಮಾಡದೆ ಇನ್ನೇನು ಮಾಡೀತು?

ಹಾಗಾದರೆ ಬರಹದ ಪಾಠವೆಂದರೇನು? ನಮ್ಮ ತಿಳುವಳಿಕೆಯಲ್ಲಿ ಮೂರೇ ಮಾತು. ಏನು ನಡೆಯಿತು ಎಂಬುದನ್ನು ಕಂಡವನು ಕಾಣದವನಿಗೆ ತಿಳಿಯುವಂತೆ ಬರೆಯುವುದು. ನಾನು ಹೀಗೆ ಹೇಳುತ್ತೇನೆ, ಇದಕ್ಕೆ ಆಧಾರ ಇದು ಎಂದು ಬರೆಯುವುದು. ನನಗೆ ಇಂಥದು ಬೇಕು, ಇಂಥ ಕಾನೂನಿನಂತೆ ಬೇಕು ಎಂದು ಬರೆಯುವುದು. ಈ ಮೂರು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಇದಕ್ಕೆ ಪಠ್ಯ ಹುಡುಕಲು ದೂರ ಹೋಗಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದು 150 ಪದ ಮೀರಕೂಡದು. ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಈ ನಿಯಮ ಜನರ ಕೈ ಕಟ್ಟುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಯಮ ಇರುವಷ್ಟು ದಿನ 150 ಪದದಲ್ಲಿ ಕೇಳಬೇಕಾದದ್ದನ್ನೆಲ್ಲ ಕೇಳುವ ವಿದ್ಯೆ ನಮ್ಮ ಮಕ್ಕಳಿಗೆ ಬರಬೇಡವೆ? ಊರ ರಸ್ತೆಗೆ ಎಷ್ಟು ಹಣ ಬಂತು, ಯಾವ ದಿನಾಂಕದಂದು ಯಾರಿಗೆ ಕೊಟ್ಟಿರಿ ಎಂದು ಅಡ್ಡದಾರಿ ಬಿಡದಂತೆ ಕೇಳುವುದು ಯಾವ ಪ್ರಬಂಧಕ್ಕೂ ಕಡಿಮೆಯಲ್ಲದ ಬರವಣಿಗೆ. ಬಗರ್‌ಹುಕುಂ ಸಾಗುವಳಿಯವರ ಅರ್ಜಿ, ಅರಣ್ಯ ಹಕ್ಕಿನ ಅರ್ಜಿ, ಹಳದಿ ಎಲೆ ರೋಗದಿಂದ ತೋಟ ಹೋದವರ ಪರಿಹಾರದ ಅರ್ಜಿ, ಇವೆಲ್ಲ ಈ ಮೂರು ತಾಲ್ಲೂಕಿನ ಮನೆಮನೆಯ ಬರವಣಿಗೆ. ಇಂದು ಇದನ್ನೆಲ್ಲ ತಾಲ್ಲೂಕು ಕಚೇರಿಯ ಮುಂದೆ ಕೂತವರಿಗೆ ದುಡ್ಡು ಕೊಟ್ಟು ಬರೆಸುತ್ತೇವೆ. ಪದವಿ ಓದುವ ಮಗ ಪಕ್ಕದಲ್ಲಿ ನಿಂತು ನೋಡುತ್ತಾನೆ.

ಇಲ್ಲೊಂದು ಕಷ್ಟವಿದೆ, ಮುಚ್ಚಿಡಬಾರದು. ಬರಹ ಕಲಿಸುವುದೆಂದರೆ ತಿದ್ದುವುದು. ಅರವತ್ತು ಮಕ್ಕಳಿರುವ ತರಗತಿಯಲ್ಲಿ ವಾರಕ್ಕೆ ಒಂದು ಪುಟ ಬರೆಸಿ, ಒಂದೊಂದಕ್ಕೆ ಹತ್ತು ನಿಮಿಷ ಕೊಟ್ಟು ತಿದ್ದಿದರೆ 600 ನಿಮಿಷ. ಅಂದರೆ ಹತ್ತು ಗಂಟೆ. ಈ ಹತ್ತು ಗಂಟೆಯನ್ನು ಯಾರ ಸಂಬಳದಲ್ಲಿ ಲೆಕ್ಕ ಹಾಕಿದ್ದಾರೆ? ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಅತಿಥಿ ಉಪನ್ಯಾಸಕರೆಂಬ ಹೆಸರಿನವರು ಹೊತ್ತಿದ್ದಾರೆ. ವರ್ಷವರ್ಷವೂ ಕೆಲಸ ಉಳಿಯುವುದೋ ಇಲ್ಲವೋ ಎಂದು ಕಾಯುವವರು ಅವರು. ಹತ್ತು ವರ್ಷ ದುಡಿದರೂ ಅತಿಥಿಯೇ! ಮನೆಗೆ ಬಂದ ಅತಿಥಿಗೆ ಊಟ ಹಾಕುವುದು ನಮ್ಮ ಧರ್ಮ. ಅತಿಥಿಯಿಂದಲೇ ಅಡುಗೆ ಮಾಡಿಸಿ ಎಂಜಲೆಲೆ ಎತ್ತಿಸುವ ಮನೆಯನ್ನು ನಾವು ಕಂಡದ್ದು ಇದೊಂದೇ. ಆ ಉಪನ್ಯಾಸಕನಿಗೆ ನೆಮ್ಮದಿಯ ಕೆಲಸ ಕೊಡದೆ ಮಕ್ಕಳಿಗೆ ಬರಹ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಎರಡನೆಯದು ಲೆಕ್ಕ. ಕಲಾ ವಿಭಾಗಕ್ಕೆ ಹೋದ ಮಗುವಿಗೆ ಹತ್ತನೆಯ ತರಗತಿಯ ಕೊನೆಯ ಪರೀಕ್ಷೆಯೊಂದಿಗೆ ಗಣಿತದ ನಂಟು ಕಡಿಯುತ್ತದೆ. ಹೆಚ್ಚಿನವರು ಅದನ್ನು ಬಿಡುಗಡೆಯೆಂದೇ ಭಾವಿಸುತ್ತಾರೆ. ಲೆಕ್ಕವೆಂದರೆ ಪಟ್ಟಣದವರ ವಿದ್ಯೆ, ನಮಗೆ ಹತ್ತುವುದಿಲ್ಲ ಎಂಬ ಅಂಜಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ.

ಆ ಹುಡುಗಿಯ ತಂದೆಯನ್ನು ನೋಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವವನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸುತ್ತಾನೆ. ಇದೇ ಶೇಕಡಾ ಒಂದರ ದ್ರಾವಣ. ಡ್ರಮ್ಮು ಇನ್ನೂರು ಲೀಟರಿನದಾದರೆ ಎರಡೆರಡು ಕಿಲೋ, ನೂರೈವತ್ತರದಾದರೆ ಒಂದೂವರೆ. ಬೆರೆಸಿದ ಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡುತ್ತಾನೆ. ಚಾಕಿಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಪ್ರಮಾಣ, ಶೇಕಡಾ, ಪರೀಕ್ಷೆ, ತಿದ್ದುಪಡಿ, ಎಲ್ಲವೂ ಅವನ ಕೈಯಲ್ಲಿವೆ. ಮಗಳು ಪುಸ್ತಕದಲ್ಲಿ ಶೇಕಡಾವಾರಿನ ಲೆಕ್ಕ ಕಂಡು ಬೆವರುತ್ತಾಳೆ. ಏಕೆಂದರೆ ಆ ಪುಸ್ತಕದ ಶೇಕಡಾ ಮತ್ತು ಅಪ್ಪನ ಡ್ರಮ್ಮಿನ ಶೇಕಡಾ ಒಂದೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಈ ಮದ್ದಿನ ಕಥೆಯೂ ತಿಳಿಯತಕ್ಕದ್ದು. ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿಯನ್ನು ಮೈಸೂರು ಸಂಸ್ಥಾನದ ಅಡಿಕೆ ಮರಕ್ಕೆ ಹೊಂದಿಸಿಕೊಟ್ಟವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಅವರ ಅಧ್ಯಯನ 1910ರಲ್ಲಿ ಅಚ್ಚಾಯಿತು. ರೋಗದ ಹೆಸರನ್ನು ಮಾತ್ರ ಅವರು ಕನ್ನಡದಿಂದಲೇ ತೆಗೆದುಕೊಂಡರು. ಅದಕ್ಕೂ ಹಿಂದೆ, 1876ರಲ್ಲಿ, ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ಕುಕ್ ಎಂಬ ವಿಜ್ಞಾನಿ ಲ್ಯಾಟಿನ್ನಿನಲ್ಲಿ ಹೆಸರಿಟ್ಟಾಗ ಅದರಲ್ಲಿಯೂ "ಕೊಳೆರೋಗ" ಎಂಬ ನಮ್ಮ ಪದ ಸೇರಿತು. ಕನ್ನಡ ವಿಜ್ಞಾನಕ್ಕೆ ಒಗ್ಗದು ಎನ್ನುವ ಪಂಡಿತರು ಇದನ್ನು ಸ್ವಲ್ಪ ಯೋಚಿಸಬೇಕು.

ಲೆಕ್ಕವೂ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದವನು. ಅದಕ್ಕೂ ಮುಂಚೆ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಶ್ರಯದಲ್ಲಿಯೇ ಕವಿರಾಜಮಾರ್ಗವೂ ಹುಟ್ಟಿತು, ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಹುಟ್ಟಿತು. ಒಂದು ಕನ್ನಡದಲ್ಲಿ ಬರೆಯುವುದು ಹೇಗೆಂದು ಹೇಳುವ ಪುಸ್ತಕ, ಇನ್ನೊಂದು ಸಂಸ್ಕೃತದ ಲೆಕ್ಕದ ಪುಸ್ತಕ. ಬರಹ ಒಂದು ಕಡೆ, ಲೆಕ್ಕ ಒಂದು ಕಡೆ ಎಂದು ಬೇಲಿ ಹಾಕಿದ್ದು ನಮ್ಮ ಕಾಲೇಜುಗಳ ಅರ್ಜಿ ಫಾರಮು.

ಮೊದಲ ವರ್ಷದ ಎಲ್ಲ ಮಕ್ಕಳಿಗೂ, ಬಿ.ಎ. ಇರಲಿ ಬಿ.ಕಾಂ. ಇರಲಿ, ಒಂದು ಲೆಕ್ಕದ ಪಾಠ ಬೇಕು. ಕಲನಶಾಸ್ತ್ರ ಬೇಕೆಂದವರು ಅದನ್ನು ಓದಲಿ. ಉಳಿದವರಿಗೆ ಪ್ರಮಾಣ, ಬಡ್ಡಿ, ಸರಾಸರಿ, ಸಂಭವ, ನಕ್ಷೆ ಓದುವುದು, ಇಷ್ಟು ಸಾಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಆಷಾಢದ ಒಂದು ದಿನ ನೂರು ಮಿಲಿಮೀಟರ್ ಸುರಿದರೆ ಎಕರೆ ತೋಟಕ್ಕೆ ಬಿದ್ದ ನೀರು ನಾಲ್ಕು ಲಕ್ಷ ಲೀಟರಿಗೂ ಮಿಕ್ಕಿತು. ಆ ನೀರು ಯಾವ ಬಸಿಗಾಲುವೆಯಲ್ಲಿ ಹೋಗಬೇಕು? ಹೀಗೆ ಕೇಳಿದರೆ ಮಲೆನಾಡಿನ ಮಗು ಲೆಕ್ಕಕ್ಕೆ ಅಂಜುತ್ತದೆಯೆ?

ಮೂರನೆಯದು ಗಣಕ, ಅಂದರೆ ಕಂಪ್ಯೂಟರು. ಇದರ ಹೆಸರು ಕೇಳಿದರೆ ತಂದೆತಾಯಿಗಳ ಕಣ್ಣು ಅರಳುತ್ತದೆ. ಬೆಂಗಳೂರಿನ ನೌಕರಿ ಕಾಣುತ್ತದೆ. ಆಸೆ ತಪ್ಪಲ್ಲ. ಆದರೆ ಮೊದಲ ವರ್ಷದಲ್ಲಿ ನಾವು ಕಂಡದ್ದೇನು? ಆ ಹುಡುಗಿ ಕೃತಕ ಬುದ್ಧಿಮತ್ತೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಮಾತ್ರ ಸೈಬರ್ ಅಂಗಡಿಯವನು ತುಂಬಿದ್ದ. ಅವನು ತಪ್ಪಾಗಿ ಏನು ತುಂಬಿದನೋ ಅವಳಿಗೆ ಓದಿ ನೋಡಲು ತಿಳಿಯಲಿಲ್ಲ. ಹೆಸರು ಗೊತ್ತು, ಕೆಲಸ ಗೊತ್ತಿಲ್ಲ. ಪಂಚಾಂಗ ಓದಿದವನಿಗೆ ಉಳುಮೆ ಬಂದಂತೆ.

ಇದಕ್ಕೂ ಹೊರದೇಶದ ಒಂದು ಉದಾಹರಣೆ ಉಂಟು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು, ಕಂಪ್ಯೂಟರು ವಿಜ್ಞಾನದವರ ಸೊತ್ತಾಗಬಾರದು, ಸಾಹಿತ್ಯ, ಇತಿಹಾಸ ಓದುವವರಿಗೂ ದಕ್ಕಬೇಕೆಂದು "ಬೇಸಿಕ್" ಎಂಬ ಸುಲಭ ಭಾಷೆಯನ್ನು ರಚಿಸಿದರು. ಮೊದಲ ವರ್ಷದ ಗಣಿತದ ತರಗತಿಯಲ್ಲಿಯೇ ಅದನ್ನು ಕಲಿಸಿದರು. ಮಕ್ಕಳು ಯಂತ್ರದ ವಿಷಯ ಓದಲಿಲ್ಲ. ಯಂತ್ರಕ್ಕೆ ಆಜ್ಞೆ ಕೊಡಲು ಕಲಿತರು.

ನಮ್ಮ ನಾಡಿನಲ್ಲಿಯೂ ದೊಡ್ಡ ಕೆಲಸ ನಡೆದಿದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ಕನ್ನಡ ಗಣಕ ಪರಿಷತ್ತು "ನುಡಿ"ಯನ್ನು ಕೊಟ್ಟಿತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ತೋಟದಲ್ಲಿ ಕುಳಿತ ಪೂರ್ಣಚಂದ್ರ ತೇಜಸ್ವಿಯವರು, ಕಂಪ್ಯೂಟರಿನೊಳಗೆ ಕನ್ನಡ ನಿಲ್ಲದಿದ್ದರೆ ಹೊರಗೂ ನಿಲ್ಲದೆಂದು ಕೊನೆಯವರೆಗೂ ಹೋರಾಡಿದರು. ಇಂದು ಜಗತ್ತಿನ ಯಾವ ಯಂತ್ರದಲ್ಲಾದರೂ ಕನ್ನಡದ ಒಂದೊಂದು ಅಕ್ಷರಕ್ಕೆ ಒಂದೊಂದು ನಿಶ್ಚಿತ ಸಂಖ್ಯೆ ಇದೆ. ಯೂನಿಕೋಡ್ ಎಂಬ ಆ ಪಟ್ಟಿಯಲ್ಲಿ "ಅ" ಎಂದರೆ 3205, "ಕ" ಎಂದರೆ 3221. "ಕ್ಷ" ಎಂದು ನಾವು ಒಂದೇ ಅಕ್ಷರವಾಗಿ ಬರೆಯುವುದನ್ನು ಯಂತ್ರ ಮೂರಾಗಿ ಇಟ್ಟುಕೊಳ್ಳುತ್ತದೆ: ಕ, ಹಲಂತದ ಗುರುತು, ಷ. ನೋಡಿ, ಇಲ್ಲಿ ಬರಹ, ಲೆಕ್ಕ, ಗಣಕ ಮೂರೂ ಒಂದೇ ಕಡೆ ಕೂಡಿದವು. ಈ ಒಂದು ಪಾಠವನ್ನು ಕನ್ನಡದಲ್ಲಿ ಒಂದು ಗಂಟೆ ಹೇಳಿದರೆ ಕಂಪ್ಯೂಟರೆಂದರೆ ಮಾಟವಲ್ಲ, ಎಣಿಕೆ ಎಂದು ಮಗುವಿಗೆ ತಿಳಿಯುತ್ತದೆ.

ಆ ತಾಯಿಯ ಸಾಲದ ಲೆಕ್ಕವನ್ನು ಗಣಕದ ಲೆಕ್ಕದ ಹಾಳೆಯಲ್ಲಿ ಹನ್ನೆರಡು ಸಾಲಾಗಿ ಹಾಕಿ, ಪ್ರತಿ ತಿಂಗಳು ಉಳಿದ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಕೇಳಿದರೆ ಕಣ್ಣಮುಂದೆ ಸತ್ಯ ನಿಲ್ಲುತ್ತದೆ. ಅದನ್ನು ನೋಡಿ ಕನ್ನಡದಲ್ಲಿ ಒಂದು ಪುಟ ಬರೆದು ಸಂಘದ ಸಭೆಯಲ್ಲಿ ಓದಿದರೆ ಆ ಊರಿನ ಇಪ್ಪತ್ತು ಮನೆ ಎಚ್ಚರಗೊಳ್ಳುತ್ತವೆ. ನಾವು ಕೇಳುವ ಮೊದಲ ವರ್ಷ ಇದು.

ಈಗ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು.

ಮೊದಲನೆಯದು: "2022ರ ಕೊನೆಯಿಂದ ಕೇಳಿದ್ದನ್ನೆಲ್ಲ ಬರೆದುಕೊಡುವ ಯಂತ್ರಗಳು ಬಂದಿವೆ. ಅರ್ಜಿಯನ್ನೂ ಅದೇ ಬರೆಯುತ್ತದೆ, ಲೆಕ್ಕವನ್ನೂ ಮಾಡುತ್ತದೆ. ಇನ್ನು ಮಕ್ಕಳಿಗೆ ಇದೇಕೆ?" ನಮ್ಮ ಉತ್ತರ ಇಷ್ಟೆ. ನಾವು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ ಪ್ರಬಂಧವನ್ನು ಆ ಯಂತ್ರ ಕ್ಷಣದಲ್ಲಿ ಬರೆಯುತ್ತದೆ. ಆದ್ದರಿಂದ ಬಾಯಿಪಾಠಕ್ಕೆ ಇನ್ನು ಕಾಸಿನ ಬೆಲೆಯಿಲ್ಲ. ಆದರೆ ಯಂತ್ರ ಬರೆದದ್ದು ಸರಿಯೋ ತಪ್ಪೋ ನೋಡುವವರು ಯಾರು? ಆ ಹುಡುಗಿಯ ಮನೆಯ ಕಷ್ಟ ಯಂತ್ರಕ್ಕೆ ಗೊತ್ತಿಲ್ಲ. ಅವಳು ಹೇಳಿದರೆ ತಾನೆ ಗೊತ್ತಾಗುವುದು? ಹೇಳಲು ಬಾರದವನಿಗೆ ಯಂತ್ರವೂ ಸೈಬರ್ ಅಂಗಡಿಯವನೇ. ದ್ರಾವಣವನ್ನು ಯಾರೇ ಬೆರೆಸಲಿ, ಚಾಕು ಅದ್ದಿ ನೋಡುವ ವಿದ್ಯೆ ನಮ್ಮಲ್ಲಿರಬೇಕು.

ಎರಡನೆಯದು ಇಂಗ್ಲಿಷಿನ ಮಾತು. "ಕನ್ನಡದಲ್ಲಿ ಬರೆಯಲು ಕಲಿತರೆ ಕೆಲಸ ಕೊಡುವವರಾರು?" ಎಂದು ತಾಯಂದಿರೇ ಕೇಳುತ್ತಾರೆ. ಈ ಪ್ರಶ್ನೆಯನ್ನು ಗೇಲಿ ಮಾಡುವವರು ನಾವಲ್ಲ. ಇಂಗ್ಲಿಷ್ ಬೇಡವೆಂದು ವೇದಿಕೆಯಲ್ಲಿ ಕೂಗಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವವರನ್ನು ನೀವು ಕಂಡಿದ್ದೀರಿ, ನಾವೂ ಕಂಡಿದ್ದೇವೆ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿ ಕಲಿಯಲಿ, ಬಡವರ ಮಕ್ಕಳು ಇನ್ನೂ ಚೆನ್ನಾಗಿ ಕಲಿಯಲಿ. ಆದರೆ ಕಾರಣ ಕೊಟ್ಟು ಯೋಚಿಸುವುದನ್ನು ಮೊದಲು ಯಾವ ಮಾತಿನಲ್ಲಿ ಕಲಿಯಬೇಕು? ತಾಯಿಯೊಡನೆ ಜಗಳವಾಡುವ ಮಾತಿನಲ್ಲಿ. ಒಂದು ಭಾಷೆಯಲ್ಲಿ ನೇರವಾಗಿ ಬರೆಯಲು ಬಂದವನಿಗೆ ಎರಡನೆಯದು ಬರುತ್ತದೆ. ಒಂದರಲ್ಲಿಯೂ ಬಾರದವನಿಗೆ ಎರಡೂ ಬಾಯಿಪಾಠವೇ.

ಈ ಮಾತನ್ನು ನಮಗಿಂತ ದೊಡ್ಡವರು ಹಿಂದೆಯೇ ಹೇಳಿದ್ದಾರೆ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕಾಲೇಜಿನ ಪಾಠ ಕನ್ನಡದಲ್ಲಿ ಆಗಬೇಕು, ವಿಜ್ಞಾನದ ಪುಸ್ತಕಗಳು ಕನ್ನಡದಲ್ಲಿ ಬರಬೇಕು ಎಂದು ಪಟ್ಟು ಹಿಡಿದರು. ಅವರಿಗೂ ಮೊದಲು, 1918ರಲ್ಲಿಯೇ, ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ನೂರು ವರ್ಷ ಕಳೆದರೂ ನಾವು ಇನ್ನೂ "ಕನ್ನಡದಲ್ಲಿ ಆಗುತ್ತದೆಯೇ" ಎಂದು ಕೇಳುತ್ತಿದ್ದೇವೆ. ಆದದ್ದನ್ನೇ ಆಗುತ್ತದೆಯೇ ಎಂದು ಕೇಳುವುದು ಸೋಮಾರಿತನದ ಲಕ್ಷಣ.

ಇನ್ನು ಕೆಲಸದ ಮಾತು. ಸರ್ಕಾರವನ್ನು ಕೇಳಬೇಕಾದದ್ದು ಇಷ್ಟು. ಮೊದಲ ವರ್ಷದ ಎಲ್ಲ ವಿದ್ಯಾರ್ಥಿಗಳಿಗೂ ಬರಹದ ಒಂದು, ಲೆಕ್ಕದ ಒಂದು, ಗಣಕದ ಒಂದು ಪಾಠ ಇರಲಿ. ಮೂರೂ ಕನ್ನಡದಲ್ಲಿಯೂ ಸಿಗಲಿ. ಬರಹದ ತರಗತಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳು ಬೇಡ. ತಿದ್ದುವ ಗಂಟೆಗಳನ್ನು ದುಡಿಮೆಯೆಂದು ಎಣಿಸಿ ಸಂಬಳ ಕೊಡಲಿ. ಕಾಯಂ ಉಪನ್ಯಾಸಕರನ್ನು ನೇಮಿಸಲಿ. ಕಂಪ್ಯೂಟರಿನ ಕೊಠಡಿ ಸಂಜೆಯೂ ತೆರೆದಿರಲಿ, ಮಳೆಗಾಲದಲ್ಲಿ ಕರೆಂಟು ಹೋದಾಗ ನಡೆಯುವ ಏರ್ಪಾಡು ಇರಲಿ. ಹೊಸ ಪಠ್ಯಕ್ರಮವನ್ನು ಐದು ವರ್ಷವಾದರೂ ಬದಲಾಯಿಸದಿರಲಿ.

ಸರ್ಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಕಡೆಯೂ ಭಾನುವಾರ ಎರಡು ಗಂಟೆ ಕೂಡೋಣ. ಒಂದು ಗಂಟೆ ಬರಹ: ಆ ವಾರ ಊರಲ್ಲಿ ನಡೆದದ್ದೊಂದನ್ನು ಒಂದು ಪುಟದಲ್ಲಿ ಬರೆದು ತರಬೇಕು, ಒಬ್ಬರದನ್ನು ಒಬ್ಬರು ತಿದ್ದಬೇಕು. ಇನ್ನೊಂದು ಗಂಟೆ ಲೆಕ್ಕ: ಮನೆಯಲ್ಲಿರುವ ಒಂದು ಬಿಲ್ಲು, ಒಂದು ಪಾಸ್‌ಬುಕ್ಕು, ಒಂದು ಪಹಣಿ ತರಬೇಕು. ಎರಡು ಹಳೆಯ ಕಂಪ್ಯೂಟರು ಕೊಡುವುದಾಗಿ ಇಲ್ಲಿರುವ ಮಿತ್ರರೊಬ್ಬರು ಹೇಳಿದ್ದಾರೆ. ಉಪನ್ಯಾಸಕ ಮಿತ್ರರಲ್ಲಿ ಮೂವರು ಬರಲು ಒಪ್ಪಿದ್ದಾರೆ. ನಾವೂ ಬರುತ್ತೇವೆ, ಲೆಕ್ಕದ ಗಂಟೆಯಲ್ಲಿ ಹಿಂದಿನ ಬೆಂಚಿನ ಮೇಲೆ, ಕಲಿಯುವುದಕ್ಕೆ.

ಕೊನೆಯದಾಗಿ, ಆ ಹುಡುಗಿಯ ವಿಚಾರ. ಅರ್ಜಿಯನ್ನು ನಾವು ಬರೆದುಕೊಡಲಿಲ್ಲ. ಮೂರು ಸಂಜೆ ಕೂತು ಅವಳೇ ಬರೆದಳು. ಮೊದಲ ಸಲ ಒಂದೂವರೆ ಪುಟವಾಯಿತು, ಎರಡನೆಯ ಸಲ ಒಂದು ಪುಟ, ಮೂರನೆಯ ಸಲ ಹನ್ನೊಂದು ಸಾಲು. ಆ ಹನ್ನೊಂದು ಸಾಲಿನಲ್ಲಿ ದಿನಾಂಕವಿತ್ತು, ಸಂಖ್ಯೆಯಿತ್ತು, ಕೇಳಬೇಕಾದದ್ದು ಇತ್ತು, ಕಣ್ಣೀರು ಇರಲಿಲ್ಲ. ವಿದ್ಯಾರ್ಥಿವೇತನ ಬಂತು, ತಡವಾಗಿ ಬಂತು. ಅಷ್ಟರಲ್ಲಿ ಅವಳು ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಕಾಲೇಜಿಗೆ ಮರಳಿ ಬಂದಿಲ್ಲ. ಇದನ್ನು ಸಿಹಿ ಮಾಡಿ ಹೇಳಲು ನಮಗೆ ಇಷ್ಟವಿಲ್ಲ.

ಅವಳ ತಮ್ಮ ಈ ವರ್ಷ ಪಿ.ಯು.ಸಿ. ಮುಗಿಸುತ್ತಾನೆ. ಮುಂದಿನ 'ಮೊದಲ ವರ್ಷ' ಅವನದು. ಭಾನುವಾರದ ತರಗತಿಗೆ ಮೊದಲು ಹೆಸರು ಕೊಟ್ಟವನು ಅವನೇ. ಅಕ್ಕನಿಗೆ ನಾವು ಮಾಡಿದ ತಪ್ಪನ್ನು ತಮ್ಮನಿಗೆ ಮಾಡದಿರುವುದು ಈ ಸಭೆಯಲ್ಲಿರುವ ನಮ್ಮೆಲ್ಲರ ಹೊಣೆ.